ಮುತ್ತಜ್ಜ ಯಮನಪ್ಪನಿಗೆ ಹೆಂಡಿರೆಷ್ಟು?

ನಮ್ಮ ದೊಡ್ಡಪ್ಪನಿಗೆ ಬದುಕಿರುವವರೆಂದರೆ ಅಷ್ಟಕ್ಕಷ್ಟೆ. ಅವನ ಪ್ರೀತಿ ನಿಮಗೆ ಸಿಗಬೇಕಾದರೆ ನೀವು ಸತ್ತು ನೂರು ವರ್ಷವಾದರೂ ಆಗಿರಬೇಕು, ಸಾಯುವ ಮುಂಚೆ ಕನಿಷ್ಠ ಎರಡು ಮದುವೆಯಾದರೂ ಆಗಿರಬೇಕು! ಹೋದ ಚಳಿಗಾಲದಲ್ಲಿ ನನಗೆ ಜ್ವರ ಬಂದು ನಾಲ್ಕು ದಿನ ಹಾಸಿಗೆ ಹಿಡಿದಿದ್ದೆ. ದೊಡ್ಡಪ್ಪ ಕೋಣೆಗೆ ಬಂದ, ಹಣೆ ಮುಟ್ಟಿ ನೋಡಿದ, ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆಗ ಅವನು ಕೇಳಿದ್ದೇನು ಗೊತ್ತೇ? "ಜ್ವರಾ ನಾಳಿಗಿ ಬಿಡತೈತಿ ಬಿಡು. ಯಮನಪ್ಪನ ಎರಡನೇ ಹೇಣ್ತಿ ತವರೂರು ಯಲಬುರ್ಗಾನೋ ಕುಷ್ಟಗಿನೋ, ಅದನ್ನ ಹೇಳು."

ನಾನು ದಣಿದಿದ್ದೇನೆ ಎಂದು ಮೊದಲೇ ಹೇಳಿಬಿಡುತ್ತೇನೆ. ವಾರದ ಆರು ದಿನ ಗಂಗಾವತಿಯ ಶಾಲೆಯಲ್ಲಿ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ಏಳನೆಯ ದಿನ ದೇವರು ಕೂಡ ವಿಶ್ರಾಂತಿ ತೆಗೆದುಕೊಂಡಾನು, ನಾನು ಮಾತ್ರ ದೊಡ್ಡಪ್ಪನನ್ನು ಮೋಟರ್ ಸೈಕಲ್ ಹಿಂದೆ ಕೂರಿಸಿಕೊಂಡು ಸತ್ತವರ ಸಂಸಾರ ವಿಚಾರಿಸಲು ಹೋಗಬೇಕು. ಎಪ್ಪತ್ತೆಂಟರ ಮನುಷ್ಯ. ದೊಡ್ಡವ್ವ ತೀರಿಕೊಂಡು ಎಂಟು ವರ್ಷವಾಯಿತು, ಮಕ್ಕಳಿಲ್ಲ, ಮರಳಿ ಗ್ರಾಮದ ನಮ್ಮ ಮನೆಯಲ್ಲೇ ಇರುತ್ತಾನೆ. ಒಲ್ಲೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅದನ್ನು ಅವನು ಚೆನ್ನಾಗಿ ಬಲ್ಲ!

ಈ ಯಮನಪ್ಪ ಯಾರು ಎಂದು ಕೇಳುತ್ತೀರಾ? ಕೇಳಬಾರದಿತ್ತು. ಕೇಳಿದ್ದೀರಿ, ಇನ್ನು ಅನುಭವಿಸಿ. ಯಮನಪ್ಪ ನಮ್ಮಜ್ಜನ ಅಜ್ಜ. ಈಗೇನೋ ಮರಳಿಯ ಸುತ್ತ ಕಾಲುವೆ ನೀರು, ಕಣ್ಣು ಹಾಯಿಸಿದಲ್ಲೆಲ್ಲ ಭತ್ತ. ಆಗ ಇದ್ದದ್ದು ಬರೀ ಜಾಲಿ ಕಂಟಿ ಮತ್ತು ಕಾಡುಹಂದಿ. ಬೇಸಾಯ ಮಾಡುವವರೇ ಇಲ್ಲದ ಈ ಜಾಗಕ್ಕೆ ಯಮನಪ್ಪ ಒಂದು ಕೊಡಲಿ ಹಿಡಿದುಕೊಂಡು ಬಂದ, ಜಾಲಿ ಕಡಿದ, ಹೊಲ ಮಾಡಿದ. ನಮ್ಮ ಅಪ್ಪ ಹೇಳುವ ಕಥೆ ಇಷ್ಟೇ. ದೊಡ್ಡಪ್ಪ ಹೇಳುವ ಕಥೆಯಲ್ಲಿ ಯಮನಪ್ಪ ಒಂದು ಚಿರತೆಯನ್ನೂ ಕೊಲ್ಲುತ್ತಾನೆ. ಮೊನ್ನೆ ಯುಗಾದಿಗೆ ಚಿರತೆ ಎರಡಾಗಿದ್ದವು. ಆಗಲಿ, ಚಿರತೆ ಎಷ್ಟಾದರೂ ನನ್ನ ತಕರಾರಿಲ್ಲ. ಹೆಂಡಿರು ಮಕ್ಕಳ ಲೆಕ್ಕದಲ್ಲಿ ತಕರಾರು ಬಂದದ್ದರಿಂದ ನನ್ನ ಮಗಳ ಮದುವೆ ನಿಂತುಹೋಯಿತು ನೋಡಿ, ಅದು ನನ್ನ ಸಂಕಟ.

ದೊಡ್ಡಪ್ಪನ ಈ ಹುಚ್ಚು ಇಂದು ನಿನ್ನೆಯದಲ್ಲ. ಅವನು ಮೂವತ್ತು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಕೊಪ್ಪಳದಿಂದ ಕುಷ್ಟಗಿ, ಕೊಪ್ಪಳದಿಂದ ಯಲಬುರ್ಗಾ, ಇವೇ ಅವನ ದಾರಿಗಳು. ಟಿಕೆಟ್ ಕೊಡುವ ಮುಂಚೆ "ಎಲ್ಲಿಗೆ?" ಎಂದು ಕೇಳುವುದು ಜಗತ್ತಿನ ಕಂಡಕ್ಟರುಗಳ ರೂಢಿ. ನಮ್ಮವನು "ಯಾರ ಪೈಕಿ?" ಎಂದು ಕೇಳುತ್ತಿದ್ದ. ಕುಷ್ಟಗಿಗೆ ಟಿಕೆಟ್ ತೆಗೆಸಿದವನು ಇಳಿಯುವಷ್ಟರಲ್ಲಿ ತನ್ನ ಮುತ್ತಜ್ಜಿಯ ತವರುಮನೆಯವರೆಗೆ ಹೋಗಿ ಬಂದಿರುತ್ತಿದ್ದ. ಒಮ್ಮೆ ಒಬ್ಬ ಗಿರಾಕಿ ಸಿಟ್ಟಿಗೆದ್ದು, "ನಾ ಕೊಪ್ಪಳಕ್ಕ ಹಲ್ಲ ಕೀಳಸಾಕ ಹೊಂಟೀನಪಾ, ನಮ್ಮಜ್ಜನ ಸುದ್ದಿ ಯಾಕ?" ಎಂದನಂತೆ. ದೊಡ್ಡಪ್ಪ ಸಮಾಧಾನದಿಂದ, "ನಿಮ್ಮಜ್ಜಗೂ ಹಲ್ಲ ಲಗೂನ ಹೋಗಿದ್ವು, ಅದು ನಿಮ್ಮ ಮನಿತನದಾಗ ಐತಿ" ಎಂದು ಟಿಕೆಟ್ ಹರಿದು ಕೊಟ್ಟನಂತೆ!

ಇಂಥವನು ಮನೆಯಲ್ಲಿದ್ದಾನೆಂದು ಗೊತ್ತಿದ್ದೂ, ಮಗಳನ್ನು ನೋಡಲು ಬಂದವರ ಎದುರು ಅವನನ್ನು ಕೂರಿಸಿದ್ದು ನನ್ನ ತಪ್ಪೇ. ನನ್ನ ಮಗಳು ನರ್ಸಿಂಗ್ ಓದಿ ಕೊಪ್ಪಳದಲ್ಲಿ ಕೆಲಸಕ್ಕಿದ್ದಾಳೆ. ಹುಡುಗ ಕುಷ್ಟಗಿಯವನು, ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವನು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಮಾತಾಡಿ, ಮೆಚ್ಚಿಯಾಗಿತ್ತು. ಹಿರಿಯರು ಬಂದು ನೋಡಿದಂತೆ ಮಾಡುವುದಷ್ಟೇ ಬಾಕಿ. ಹುಡುಗನ ಅಪ್ಪ ತಮ್ಮ ತೋಟದ ದಾಳಿಂಬೆ ಒಂದು ಬುಟ್ಟಿ ತಂದಿದ್ದರು. ನನ್ನ ಹೆಂಡತಿ ಶಿರಾ, ಮಿರ್ಚಿ ಭಜಿ ಮಾಡಿದ್ದಳು. ಎಲ್ಲ ನೆಟ್ಟಗೆ ನಡೆದಿತ್ತು. ಅಷ್ಟರಲ್ಲಿ ದೊಡ್ಡಪ್ಪ ಗಂಟಲು ಸರಿಪಡಿಸಿಕೊಂಡ.

"ಬೀಗರ, ನಿಮ್ಮಜ್ಜನ ಹೆಸರೇನ್ರಿ?"

"ಯಂಕಪ್ಪರಿ."

"ಅವರಪ್ಪ?"

"ಹನುಮಪ್ಪರಿ."

"ಅವರಪ್ಪ?"

ಬೀಗರು ಚಹದ ಕಪ್ಪು ಕೆಳಗಿಟ್ಟರು, ಎದೆ ಸೆಟೆಸಿದರು. "ಅವರಪ್ಪ ನಿಮ್ಮ ಊರಾವರ ನೋಡ್ರಿ! ಕಾಡು ಕಡದು ಹೊಲ ಮಾಡಿದ ಮರಳಿ ಯಮನಪ್ಪ. ನಾವೇನ್ ಸಾಮಾನ್ಯರ ಪೈಕಿ ಅಂತ ತಿಳದೀರೇನ್ರಿ?"

ದೊಡ್ಡಪ್ಪನ ಮುಖದಲ್ಲಿ ಕಳೆದುಹೋದ ಎತ್ತು ಸಿಕ್ಕವನ ಸಂತೋಷ! "ಹಂಗಾದ್ರ ನಾವೂ ನೀವೂ ಒಂದ ಬೆಡಗಿನವರಲ್ರೀ! ಈ ಹುಡುಗ ಹುಡುಗಿ ಅಣ್ಣ ತಂಗಿ ಆಗ್ತಾರ!" ಎಂದು ಚಪ್ಪಾಳೆ ತಟ್ಟಿದ. ತಟ್ಟಿದ ಮೇಲೆ ಗೊತ್ತಾಯಿತು ಅವನಿಗೆ, ತಾನೇನು ಹೇಳಿದೆನೆಂದು.

ಬೆಡಗು ಎಂದರೆ ಒಬ್ಬ ಮೂಲಪುರುಷನ ಗಂಡುಮಕ್ಕಳಿಂದ ಬೆಳೆದ ಬಳಗ. ಹೆಣ್ಣು ಕೊಡುವುದು, ತರುವುದು ಬೇರೆ ಬೆಡಗಿನೊಂದಿಗೆ. ಒಂದೇ ಬೆಡಗಾದರೆ ನಾಲ್ಕಲ್ಲ, ನಲವತ್ತು ತಲೆಮಾರು ದಾಟಿದರೂ ಅಣ್ಣ ತಂಗಿಯೇ. ಈಗಿನ ಕಾಲದಲ್ಲಿ ಇದನ್ನೆಲ್ಲ ಯಾರು ಕೇಳುತ್ತಾರೆ ಹೇಳಿ? ನೌಕರಿ ಕೇಳುತ್ತಾರೆ, ಶುಗರ್ ಐತೇನು ಎಂದು ಕೇಳುತ್ತಾರೆ. ಕೇಳದಿದ್ದರೆ ನಡೆದುಹೋಗುತ್ತಿತ್ತು. ಕೇಳಿದ ಮೇಲೆ, ಅದೂ ಎರಡೂ ಕಡೆಯ ಹಿರಿಯರ ಕಿವಿಗೆ ಬಿದ್ದ ಮೇಲೆ, ನಡೆಯುವುದಿಲ್ಲ. ಬೀಗರು ಎದ್ದು, "ಖರೇ ಏನಂತ ಗೊತ್ತಾಗೂಮಟ ಮಾತು ಹಂಗ ಇರಲ್ರಿ" ಎಂದು ಹೊರಟುಹೋದರು. ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು: "ವರ್ಷಗಟ್ಲೆ ಹುಡುಕಿ ಒಂದು ವರ ಸಿಕ್ಕಿತ್ತು. ಒಂದು ಚಾ ಕುಡಿಯೂದ್ರಾಗ ಅದನ್ನ ಅಣ್ಣನ್ನ ಮಾಡಿ ಕುಂದರಿಸಿದ್ರಲ್ಲ ಮಾವಾರ!"

ಮಗಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಮೂರನೆಯ ದಿನ ಕೆಲಸಕ್ಕೆ ಹೊರಟವಳು ದೊಡ್ಡಪ್ಪನ ಮುಂದೆ ನಿಂತಳು. "ಅಜ್ಜಾ, ನೀ ಹುಡುಕಿದ್ದಕ್ಕ ನಿಂತೈತಿ. ನೀನ ಹುಡುಕಿ ಕೂಡಸು. ನಾ ಬ್ಯಾರೆ ಯಾರನ್ನೂ ಮಾಡಿಕೊಳ್ಳಾಕಿ ಅಲ್ಲ." ಇಷ್ಟು ಹೇಳಿ ಬಸ್ಸಿಗೆ ಹೋದಳು. ದೊಡ್ಡಪ್ಪ ಆ ಹೊತ್ತು ಊಟ ಮಾಡಲಿಲ್ಲ. ಸಂಜೆಗೆ ನನ್ನ ಬಳಿ ಬಂದು, "ಮಾಸ್ತರಾ, ಗಾಡಿಗೆ ಎಣ್ಣಿ ಹಾಕಿಸು" ಎಂದ. ಹನುಮಪ್ಪ ನಿಜಕ್ಕೂ ಯಮನಪ್ಪನ ಮಗನೇ, ಯಾವ ಹೆಂಡತಿಯ ಮಗ ಎಂಬುದನ್ನು ಪತ್ತೆ ಹಚ್ಚಬೇಕಿತ್ತು. ನನ್ನ ಭಾನುವಾರಗಳ ಜೊತೆ ಎರಡನೇ ಶನಿವಾರಗಳೂ ಹೋದವು.

ಮೊದಲು ಸಿಕ್ಕಿದ್ದು ಹಿತ್ತಾಳೆಯ ಕೊಡ. ಅಟ್ಟದ ಮೇಲೆ ನೂರು ವರ್ಷದ ಧೂಳಿನಲ್ಲಿ ಕೂತಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಕಂಠದ ಸುತ್ತ ಕೊರೆದ ಅಕ್ಷರಗಳು: "ಬಸಮ್ಮ ಕೋಂ ಯಮನಪ್ಪ, ಮರಳಿ." ಕೋಂ ಎಂದರೆ ಹೆಂಡತಿ. ದೊಡ್ಡಪ್ಪ ತಲೆಯ ಮೇಲೆ ಕೈಹೊತ್ತು ಕೂತ. ಯಾಕೆಂದರೆ ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಹೇಳಿಕೊಂಡು ಬಂದಂತೆ ಯಮನಪ್ಪನ ಮೊದಲ ಹೆಂಡತಿ ನಿಂಗವ್ವ. ಆಕೆಯ ಸಂತಾನ ನಾವು. ಆಕೆ ಸತ್ತ ಮೇಲೆ ಬಂದವಳು ಸಂಗವ್ವ. ಕುಷ್ಟಗಿಯ ಹನುಮಪ್ಪ ಈ ಸಂಗವ್ವನ ಮಗ. ಹಾಗಾದರೆ ನಡುವೆ ಈ ಬಸಮ್ಮ ಯಾರು?

"ಮೂರು ಹೆಂಡರು! ಹುಲಿ ಅಂದ್ರ ಹುಲಿ!" ಎಂದ ದೊಡ್ಡಪ್ಪ, ಅರ್ಧ ಚಿಂತೆ ಅರ್ಧ ಅಭಿಮಾನದಿಂದ. ಒಂದು ತಿಂಗಳು ನಾವು ಆ ಬಸಮ್ಮನನ್ನು ಹುಡುಕಿದೆವು. ಎಷ್ಟು ಊರು, ಎಷ್ಟು ಕಟ್ಟೆ, ಎಷ್ಟು ಕಪ್ಪು ಚಹ! ಕೊನೆಗೆ ಒಂದು ದಿನ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ನನ್ನನ್ನು ಕರೆದು, "ನನ್ನ ತವರಮನಿ ಹೆಸರು ಏನಿತ್ತು, ಹೇಳ್ರಿ ನೋಡೂಣು" ಎಂದಳು. ಮದುವೆಯಾಗಿ ಇಪ್ಪತ್ತೇಳು ವರ್ಷ. ನಾನು ಬೆವತೆ. ಸೊಸೆಯ ಹೆಸರೂ ಅತ್ತೆಯ ಹೆಸರೂ ಒಂದೇ ಆದರೆ ಮನೆ ತುಂಬಿದ ದಿನವೇ ಸೊಸೆಗೆ ಬೇರೆ ಹೆಸರಿಡುತ್ತಾರೆ. ಅತ್ತೆಯ ಹೆಸರು ಹಿಡಿದು "ಏ ಇಂಥವಳೇ, ಕಸಾ ಗುಡಿಸು" ಎನ್ನಲು ಬರುವುದಿಲ್ಲವಲ್ಲ! ನನ್ನ ಹೆಂಡತಿಯೂ ಹಾಗೆ ಹೆಸರು ಬದಲಾದವಳು. "ಬಸಮ್ಮನೂ ಅಕಿನ, ನಿಂಗವ್ವನೂ ಅಕಿನ. ಕೊಡ ತವರಿನವರು ಕೊಟ್ಟದ್ದು, ತವರಿನ ಹೆಸರು ಕೊರಿಸ್ಯಾರ. ಇಷ್ಟಕ್ಕ ಒಂದು ತಿಂಗಳು ಪೆಟ್ರೋಲ್ ಸುಟ್ಟೀರಿ" ಎಂದು ಮತ್ತೆ ರೊಟ್ಟಿ ಬಡಿಯತೊಡಗಿದಳು. ದೊಡ್ಡಪ್ಪನಿಗೆ ಒಬ್ಬ ಹೆಂಡತಿ ಕಡಿಮೆಯಾದ ದುಃಖ. ನನಗೆ ಹೆಂಡತಿಯ ತವರಿನ ಹೆಸರು ನೆನಪಿಗೆ ಬರಲಿಲ್ಲವೆಂಬ ಭಯ. ಆಮೇಲೆ ಗುಟ್ಟಾಗಿ ಮಗಳನ್ನು ಕೇಳಿ ತಿಳಿದುಕೊಂಡೆ.

ಎರಡನೆಯ ಸಾಕ್ಷಿ ಟ್ರಂಕಿನ ತಳದಲ್ಲಿದ್ದ ಎರಡು ಕಾಗದ. ನಿಜಾಮರ ಕಾಲದ ಜಮೀನಿನ ಕಾಗದ, ಎಲ್ಲ ಉರ್ದು. ಗಂಗಾವತಿಯಲ್ಲಿ ನಿವೃತ್ತರಾದ ಒಬ್ಬ ಉರ್ದು ಮಾಸ್ತರರಿದ್ದಾರೆ. ಅವರ ಮನೆಗೆ ಹೋದೆವು. ಅವರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಮೊದಲ ಕಾಗದ: "ಯಮನಪ್ಪ, ವಯಸ್ಸು ನಲವತ್ತೈದು, ವಾರಸ ಒಬ್ಬ ಮಗ." ಹತ್ತು ವರ್ಷ ತಡವಾಗಿ ಬರೆದ ಎರಡನೆಯದು: "ಯಮನಪ್ಪ, ವಯಸ್ಸು ನಲವತ್ತು, ವಾರಸ ಇಬ್ಬರು ಗಂಡುಮಕ್ಕಳು."

"ಹತ್ತು ವರ್ಷದಾಗ ಐದು ವರ್ಷ ಸಣ್ಣಾವ ಹೆಂಗ ಆದ್ನಿರಿ?" ಎಂದೆ ನಾನು.

ಮಾಸ್ತರರು ಕನ್ನಡಕ ಒರೆಸುತ್ತ, "ನಡುವ ಎರಡನೇ ಲಗ್ನ ಆಗೈತಲ್ರಿ ಸಾಬ್! ವಯಸ್ಸು ಕಮ್ಮಿ ಹೇಳದಿದ್ರ ಹೆಣ್ಣು ಯಾರು ಕೊಡ್ತಾರ?" ಎಂದು ನಕ್ಕರು. ಅವರ ನಗುವಿನಲ್ಲಿ ನಾನೂ ಸೇರಿಕೊಂಡೆ. ದೊಡ್ಡಪ್ಪ ಮಾತ್ರ ನಗಲಿಲ್ಲ. "ಇಬ್ಬರು ಮಕ್ಕಳು ಅಂತ ಯಮನಪ್ಪನ ಬರಿಸ್ಯಾನ" ಎಂದು ಮೆಲ್ಲಗೆ ಅಂದ. ಅಂದರೆ ಹನುಮಪ್ಪ ಅವನ ಮಗನೇ. ಅಂದರೆ ಬೆಡಗು ಒಂದೇ. ಅಂದರೆ ನನ್ನ ಮಗಳ ಮದುವೆ ಇಲ್ಲ. ಮನೆಗೆ ಬಂದು ಈ ಮಾತು ಹೇಳುವುದು ಹೇಗೆಂದು ತಿಳಿಯದೆ ನಾವಿಬ್ಬರೂ ಗಂಗಾವತಿಯ ಬಸ್ ನಿಲ್ದಾಣದಲ್ಲಿ ಎರಡೆರಡು ಸಲ ಚಹ ಕುಡಿದೆವು.

ಆದರೂ ದೊಡ್ಡಪ್ಪ ಬಿಡಲಿಲ್ಲ. "ಸಂಗವ್ವನ ತವರಿನವರು ಯಲಬುರ್ಗಾದಾಗ ಅದಾರ, ಅವರನ್ನ ಕೇಳೂಣು" ಎಂದ. ಬಿಸಿಲು ನೋಡಿದರೆ ತಲೆ ಸೀಳುತ್ತಿತ್ತು. ಆ ಮನೆಯಲ್ಲಿ ತೊಂಬತ್ತು ದಾಟಿದ ಒಬ್ಬ ಅಜ್ಜಿ. ಕಿವಿ ಮಂದ, ಕಣ್ಣು ಮಂದ, ಬಾಯಿ ಮಾತ್ರ ಚುರುಕು. ದೊಡ್ಡಪ್ಪ ಆಕೆಯ ಕಿವಿಯ ಹತ್ತಿರ ಹೋಗಿ, ಲಗ್ನದ ಸಲುವಾಗಿ ವಿಚಾರಿಸಲು ಬಂದಿದ್ದೇವೆ ಎಂದು ಕೂಗಿದ. ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿ, "ಈ ವಯಸ್ಸಿನಾಗ ಲಗ್ನ ಯಾಕಪಾ ನಿನಗ? ರೊಟ್ಟಿ ಮಾಡಿ ಹಾಕೋರು ಯಾರೂ ಇಲ್ಲೇನು?" ಎಂದಳು! ಅರ್ಧ ತಾಸು ಕೂಗಿದ ಮೇಲೆ ವಿಷಯ ಆಕೆಗೆ ಹತ್ತಿತು. ಆಗ ಆಕೆ ಹೇಳಿದಳು: "ಸಂಗವ್ವನ ಮದಲನೇ ಗಂಡ ಸತ್ತಿದ್ದ. ಮರಳ್ಯಾವಗ ಉಡಿಕಿ ಮಾಡಿ ಕೊಟ್ರು. ಹೋಗೂ ಮುಂದ ಬಗಲಾಗ ಒಂದು ಕೂಸು ಇತ್ತಂತ. ನಮ್ಮವ್ವ ಹೇಳತಿದ್ಲು."

ಉಡಿಕಿ ಎಂದರೆ ಗಂಡ ಸತ್ತ ಹೆಣ್ಣುಮಗಳನ್ನು ಇನ್ನೊಬ್ಬನಿಗೆ ಸೀರೆ ಉಡಿಸಿ ಕೊಡುವ ಪದ್ಧತಿ, ಗದ್ದಲವಿಲ್ಲ, ವಾದ್ಯವಿಲ್ಲ. ನನಗೆ ಒಮ್ಮೆಲೇ ಜೀವ ಬಂತು. ಬಗಲಲ್ಲಿದ್ದ ಕೂಸೇ ಹನುಮಪ್ಪ ಆಗಿದ್ದರೆ ಅವನ ಬೆಡಗು ಸತ್ತ ಅಪ್ಪನದು, ಯಮನಪ್ಪನದಲ್ಲ. ಹುಡುಗ ಹುಡುಗಿ ಅಣ್ಣ ತಂಗಿ ಅಲ್ಲವೇ ಅಲ್ಲ! "ಕೂಸು ಗಂಡೋ ಹೆಣ್ಣೋ ಯವ್ವಾ?" ಎಂದು ನಾನು ಕೂಗಿದೆ. "ಹೆಣ್ಣು" ಎಂದಳು. ತುಸು ಯೋಚಿಸಿ, "ಗಂಡಿರಬೇಕು" ಎಂದಳು. ಆಮೇಲೆ, "ಏನೋ ಒಂದು ಇತ್ತಪ್ಪಾ, ಅಳತಿತ್ತಂತ" ಎಂದು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಬರುವಾಗ ದಾರಿಯುದ್ದಕ್ಕೂ ದೊಡ್ಡಪ್ಪ ಒಂದು ಮಾತಾಡಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಬೆನ್ನಹಿಂದೆ ಮೌನ. ದಣಿದ ಜೀವಕ್ಕೆ ಅದು ಹಿತವಾಗಿತ್ತು, ಯಾಕೆ ಸುಮ್ಮನಾದ ಎಂದು ಕೇಳುವ ಬುದ್ಧಿ ನನಗೆ ಹೊಳೆಯಲಿಲ್ಲ.

ಇನ್ನು ಉಳಿದದ್ದು ಹೆಳವ. ನಮ್ಮ ಕಡೆಯ ಮನೆತನಗಳಿಗೆಲ್ಲ ಒಬ್ಬೊಬ್ಬ ಹೆಳವ ಇರುತ್ತಾನೆ. ಅಪ್ಪನಿಂದ ಮಗನಿಗೆ ಬಂದ ಪುಸ್ತಕದಲ್ಲಿ ಮನೆಮನೆಯ ವಂಶಾವಳಿ ಬರೆದಿಟ್ಟು, ಸುಗ್ಗಿಯಾದ ಮೇಲೆ ಬಂದು ಪಡಸಾಲೆಯಲ್ಲಿ ಕೂತು ಓದಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳು ಬಟ್ಟೆ ಪಡೆದು ಹೋಗುತ್ತಾನೆ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು. ಈಗಿನ ನಮ್ಮ ಹೆಳವ ಸ್ಕೂಟಿಯಲ್ಲಿ ಬರುತ್ತಾನೆ, ಅದೂ ಮೂರು ನಾಲ್ಕು ವರ್ಷಕ್ಕೊಮ್ಮೆ, ಹೊಸಬರನ್ನಷ್ಟೇ ಬರೆದುಕೊಂಡು ಹಳೆಯದನ್ನು ಓದದೆ ಹೋಗುತ್ತಾನೆ. ದೊಡ್ಡಪ್ಪ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ಮಾಡಿ ಆ ಮನುಷ್ಯನ ಜೀವ ತಿಂದು, ಅಂತೂ ಒಂದು ಸೋಮವಾರ ಬೆಳಗ್ಗೆ ಕರೆಸಿದ. ಹೆಳವನ ಪುಸ್ತಕದ ಮಾತಿಗೆ ಎರಡು ಮಾತಿಲ್ಲ. ಅದಕ್ಕಾಗಿ ಕುಷ್ಟಗಿಯ ಬೀಗರೂ ಬಂದರು. ನಾನು ಶಾಲೆಗೆ ರಜೆ ಹಾಕಿದೆ, ಮಗಳೂ ರಜೆ ಹಾಕಿ ಬಾಗಿಲ ಹಿಂದೆ ನಿಂತಳು. ನಮ್ಮ ಅಪ್ಪ ಗೋಡೆಗೊರಗಿ ಕೂತಿದ್ದ. ಎಪ್ಪತ್ತೆರಡರ ನಮ್ಮ ಅಪ್ಪ ಮಾತು ಕಡಿಮೆ ಮನುಷ್ಯ, ಅಣ್ಣನ ವಂಶಾವಳಿ ಶುರುವಾದರೆ ಎದ್ದು ಹೊಲಕ್ಕೆ ಹೋಗುವವನು. ಅವತ್ತು ಹೋಗಲಿಲ್ಲ.

ಹೆಳವ ಕೆಂಪು ಬಟ್ಟೆಯ ಗಂಟು ಬಿಚ್ಚಿ, ಪುಸ್ತಕ ಹಣೆಗೊತ್ತಿಕೊಂಡು, ರಾಗವಾಗಿ ಓದತೊಡಗಿದ. ಯಮನಪ್ಪನ ಹತ್ತಿರ ಬಂದಾಗ ಎಲ್ಲರೂ ಮುಂದಕ್ಕೆ ಬಾಗಿದರು. "ಯಮನಪ್ಪಗ ಮದಲನೇಕಿ ನಿಂಗವ್ವ, ಅಕಿಗೆ ಒಬ್ಬ ಮಗ. ಉಡಿಕಿಯಾಕಿ ಸಂಗವ್ವ, ಯಮನಪ್ಪನಿಂದ ಸಂತಾನ ಇಲ್ಲ. ಸಂಗವ್ವನ ಕೂಡ ಬಂದ ಮಗ ಹನುಮಪ್ಪ, ಅವನ ಬೆಡಗು ಬ್ಯಾರೆ." ಹೆಳವ ತಲೆಯೆತ್ತಿ, "ಲಗ್ನ ಆಗಾಕ ಏನೂ ಅಡ್ಡಿ ಇಲ್ರಿ" ಎಂದ.

ಬಾಗಿಲ ಹಿಂದೆ ಬಳೆ ಸದ್ದಾಯಿತು. ನನ್ನ ಹೆಂಡತಿ ಸಕ್ಕರೆ ಡಬ್ಬಿಗೆ ಕೈ ಹಾಕಿದಳು. ಅಷ್ಟರಲ್ಲಿ ಕುಷ್ಟಗಿಯ ಬೀಗರು ಎದ್ದು ನಿಂತಿದ್ದರು. ಮುಖ ಕೆಂಪಗಾಗಿತ್ತು.

"ಏನಂದಿ? ಕೂಡ ಬಂದ ಮಗ? ನಾಕು ತಲಿಯಿಂದ ಯಮನಪ್ಪನ ಮಂದಿ ಅಂತ ಹೆಸರು ಹೇಳಿಕೊಂಡು ಬಂದೀವಿ. ಇವತ್ತು ನಾವು ಯಾರದೋ ಮಕ್ಕಳಾದಿವೇನು? ಕರಿಸಿ ಮಾನಾ ಕಳದ್ರಿ! ನಮಗ ಈ ಲಗ್ನಾನೂ ಬ್ಯಾಡ, ಈ ಮನಿ ನೀರೂ ಬ್ಯಾಡ!"

ನೋಡಿ ನನ್ನ ಹಣೆಬರಹ! ಒಂದೇ ರಕ್ತವಾದರೆ ಮದುವೆಯಿಲ್ಲ, ಬೇರೆ ರಕ್ತವಾದರೂ ಮದುವೆಯಿಲ್ಲ. ಎದ್ದು ಅವರ ಕೈ ಹಿಡಿಯಲು ಕೂಡ ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ. ಅವರು ಚಪ್ಪಲಿ ಮೆಟ್ಟುತ್ತಿದ್ದರು. ಆಗ ದೊಡ್ಡಪ್ಪ ಹೋಗಿ ಅವರ ದಾರಿಗೆ ಅಡ್ಡ ನಿಂತ.

"ಕುಂದರ್ರಿ ಬೀಗರ. ಒಂದ ಮಾತು ಕೇಳಿ ಹೋಗ್ರಿ. ಯಮನಪ್ಪ ಸರ್ಕಾರಿ ಮನಶ್ಯಾನ ಮುಂದ ನಿಂತು, ಈ ಹನುಮಪ್ಪ ನನ್ನ ಮಗ ಅಂತ ಕಾಗದದಾಗ ಬರಿಸ್ಯಾನ. ಹುಟ್ಟಿಸಿದಾವ ಅಲ್ಲ, ಆದ್ರೂ ಬರಿಸ್ಯಾನ. ಅದು ಮಾನಾ ಹೋಗೂ ಮಾತೇನ್ರಿ? ಅಂಥಾ ಅಪ್ಪ ಎಷ್ಟು ಮಂದಿಗೆ ಸಿಗತಾನ?" ದೊಡ್ಡಪ್ಪ ಹೆಗಲ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದ. "ನನಗ ಸಿಕ್ಕಿದ್ದ. ನಾನೂ ಹಂಗ ಬಂದಾವರಿ. ನಾಕು ವರ್ಷದಾವಿದ್ದೆ. ನಮ್ಮವ್ವ ಉಡಿಕಿಯಾಗಿ ಈ ಮನಿಗೆ ಬರೂ ಮುಂದ ಚಕ್ಕಡ್ಯಾಗ ಅಕಿ ತೊಡಿಮ್ಯಾಲ ಕುಂತು ಬಂದಿದ್ದು ನನಗ ಇನ್ನೂ ನೆನಪೈತಿ. ನನ್ನ ಬೆಡಗೂ ಬ್ಯಾರೆ. ಇವರ್ಯಾರಿಗೂ ಗೊತ್ತಿಲ್ಲ. ಹೆಳವಗಷ್ಟ ಗೊತ್ತೈತಿ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಐವತ್ತೆರಡು ವರ್ಷದಿಂದ ಈ ಮನುಷ್ಯನನ್ನು ದೊಡ್ಡಪ್ಪಾ ಎಂದು ಕರೆಯುತ್ತಿದ್ದೇನೆ. ನಮ್ಮ ಮನೆತನದ ಸತ್ತವರನ್ನೆಲ್ಲ ಹೆಸರು ಹಿಡಿದು ಬಲ್ಲ ಒಬ್ಬನ ಹೆಸರೇ ಆ ಪುಸ್ತಕದಲ್ಲಿ ನಮ್ಮ ಬೆಡಗಿನೊಳಗೆ ಇಲ್ಲ! ಊರ ಹಳಬರಿಗೆ ಗೊತ್ತಿದ್ದೀತು. ಅವರು ಹೇಳದೆ ಸತ್ತರು. ಬೀಗರು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡವರು ಹಾಗೆಯೇ ನಿಂತಿದ್ದರು. ದೊಡ್ಡಪ್ಪ ತಲೆ ತಗ್ಗಿಸಿಕೊಂಡು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಗೋಡೆಯ ಕಡೆಯಿಂದ ಅಪ್ಪನ ದನಿ ಬಂತು. "ನನಗ ಗೊತ್ತಿತ್ತಣ್ಣಾ. ಅವ್ವ ಸಾಯೂ ಮುಂದ ಹೇಳಿದ್ಲು. ಬಾ, ಕುಂದರು, ಚಾ ಆರತೈತಿ."

ಅಜ್ಜಿ ಸತ್ತು ಮೂವತ್ತು ವರ್ಷ. ಅಣ್ಣ ಎಲ್ಲಿ ನೊಂದುಕೊಳ್ಳುತ್ತಾನೋ ಎಂದು ತಮ್ಮ ಹೇಳಿರಲಿಲ್ಲ. ತಮ್ಮ ಎಲ್ಲಿ ಬೇರೆ ಮಾಡುತ್ತಾನೋ ಎಂದು ಅಣ್ಣ ಹೇಳಿರಲಿಲ್ಲ. ಬೀಗರು ಚಪ್ಪಲಿ ಬಿಟ್ಟು ಒಳಗೆ ಬಂದು ದೊಡ್ಡಪ್ಪನ ಮಗ್ಗುಲಲ್ಲೇ ಕೂತರು. "ಹಂಗಾದ್ರ ನಾವೂ ನೀವೂ ಒಂದ ದಾರ್ಯಾಗ ಬಂದವರು" ಎಂದರು. ಆಮೇಲೆ ಎಲ್ಲರೂ ಚಹ ಕುಡಿದೆವು. ಚಹ ನಿಜವಾಗಿಯೂ ಆರಿತ್ತು.

ಹೆಳವ ಪುಸ್ತಕ ಕಟ್ಟುತ್ತಿದ್ದಾಗ ಅಪ್ಪ ಎದ್ದು ಹೋಗಿ ಅವನ ಎದುರು ಕೂತ. "ನಮ್ಮಪ್ಪನ ಹೆಸರಿನ ಕೆಳಗ ಅಣ್ಣನ ಹೆಸರು ಹಾಕು. ಹಿರೇಮಗ ಅಂತ ಬರಿ."

ಹೆಳವ ಪಾಪ, ತಲೆ ಕೆರೆದುಕೊಂಡ. "ಕೂಡ ಬಂದ ಮಗನ ಬೆಡಗು ಬ್ಯಾರೆ ಅಂತ ಈಗ ಹೇಳೀನ್ರಿ. ಇವರಿಗೆ ಬ್ಯಾರೆ ನ್ಯಾಯ ಬರದ್ರ ಹನುಮಪ್ಪಗೂ ಅದ ನ್ಯಾಯ ಬರೀಬೇಕಾಗತೈತಿ. ಆಗ ಈ ಲಗ್ನ ಹೆಂಗ ಆಗತೈತಿ ನೀವ ಹೇಳ್ರಿ."

"ಬರೀಬ್ಯಾಡ" ಎಂದ ದೊಡ್ಡಪ್ಪ ತಟ್ಟನೆ. "ಹುಡುಗಿ ಲಗ್ನ ಆಗಲಿ. ನನ್ನ ಹೆಸರು ತಗೊಂಡು ಏನ್ ಮಾಡೂದೈತಿ?" ನಗುತ್ತಲೇ ಅಂದ. ಹೆಳವನಿಗೆ ಜೋಳ, ಧೋತರ ತಾನೇ ಕೈಯಾರೆ ಕೊಟ್ಟು, ಸ್ಕೂಟಿಯವರೆಗೆ ಹೋಗಿ ಕಳಿಸಿ ಬಂದ. ಅವತ್ತಿನಿಂದ ಅವನು ಯಾರ ವಂಶಾವಳಿಯನ್ನೂ ಕೇಳಲಿಲ್ಲ. ಎಷ್ಟೋ ವರ್ಷದಿಂದ ಹೀಗೊಂದು ಶಾಂತಿ ಸಿಗಲಿ ಎಂದು ಹಾರೈಸಿದವನು ನಾನೇ. ಸಿಕ್ಕಿದ ಮೇಲೆ ನಾಲ್ಕು ದಿನ ಸಹಿಸಲಾಗಲಿಲ್ಲ. ಭಾನುವಾರ ಗಾಡಿ ತೆಗೆದು "ಎಲ್ಲಿಗೆ ಹೋಗೂಣ ದೊಡ್ಡಪ್ಪಾ?" ಎಂದು ನಾನೇ ಕೇಳಿದೆ. "ಎಲ್ಲಿಗೂ ಬ್ಯಾಡ ಬಿಡೋ" ಎಂದ.

ಲಗ್ನದ ಮುಹೂರ್ತ ಗೊತ್ತಾಯಿತು. ಕಾರ್ಡು ಬರೆಸುವ ಕೆಲಸ ತನಗೆ ಬಿಡಿ ಎಂದು ಅಪ್ಪ ಒಬ್ಬನೇ ಗಂಗಾವತಿಗೆ ಹೋಗಿ ಬಂದ. ನನಗೂ ತೋರಿಸಲಿಲ್ಲ. ಅಚ್ಚಾಗಿ ಬಂದ ದಿನ ಕಟ್ಟು ಬಿಚ್ಚಿ ಮೊದಲ ಕಾರ್ಡನ್ನು ದೊಡ್ಡಪ್ಪನ ಕೈಗೆ ಕೊಟ್ಟ. ಮೇಲೆ ನಮ್ಮಜ್ಜನ ಹೆಸರು. ಅದರ ಕೆಳಗೆ "ಇವರ ಹಿರಿಯ ಮಗನಾದ" ಎಂದು ದೊಡ್ಡಪ್ಪನ ಹೆಸರು, ದಪ್ಪ ಅಕ್ಷರದಲ್ಲಿ. ಅದರ ಕೆಳಗೆ "ಇವರ ಮೊಮ್ಮಗಳು" ಎಂದು ನನ್ನ ಮಗಳ ಹೆಸರು. ಅಪ್ಪನ ಹೆಸರು ಎಲ್ಲೋ ಕೆಳಗೆ, ನಿಮ್ಮ ಬರವನ್ನು ಬಯಸುವವರು ಎಂಬಲ್ಲಿ, ನನ್ನ ಹೆಸರಿನ ಪಕ್ಕದಲ್ಲಿತ್ತು.

ದೊಡ್ಡಪ್ಪ ಎರಡು ಸಲ ಓದಿದ. "ತಪ್ಪೈತಲ್ಲೋ ತಮ್ಮಾ ಇದರಾಗ" ಎಂದ.

"ಸಾವಿರ ಕಾರ್ಡು ಅಚ್ಚಾಗಿ ಬಂದಾವ" ಎಂದ ಅಪ್ಪ. "ಇನ್ನ ತಿದ್ದಾಕ ಬರಂಗಿಲ್ಲ." ಹೇಳಿ ಹೊಲಕ್ಕೆ ಹೋದ.

ಮಾರನೆಯ ದಿನ ಬೆಳಗಾಗುವುದಕ್ಕೇ ದೊಡ್ಡಪ್ಪ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಗಾಡಿಯ ಹತ್ತಿರ ನಿಂತಿದ್ದ. ಮೊದಲ ಮನೆ ನಮ್ಮೂರಿನವರದೇ. ಮನೆಯೊಡೆಯ ಕಾರ್ಡು ಹಿಂದೆಮುಂದೆ ತಿರುವಿ, "ಚಷ್ಮಾ ಸಿಗವಲ್ದು, ನೀವ ಓದಿ ಹೇಳ್ರಿ" ಎಂದ. ದೊಡ್ಡಪ್ಪ ಕಾರ್ಡು ತೆಗೆದುಕೊಂಡು ನಮ್ಮಜ್ಜನ ಹೆಸರು ಓದಿದ. ಮುಂದಿನ ಸಾಲಿನಲ್ಲಿ ತನ್ನ ಹೆಸರಿನ ಮೇಲೆ ಬೆರಳಿಟ್ಟ. ಕಾರ್ಡನ್ನು ನನ್ನ ಕಡೆ ಚಾಚಿ, "ಮಾಸ್ತರಾ, ನೀ ಓದು. ಮ್ಯಾಲಿಂದ ಓದು" ಎಂದ.

ಓದಿದೆ. ಅವತ್ತು ನಲವತ್ತು ಮನೆ ತಿರುಗಿದೆವು. ಅದೇನು ಎಲ್ಲರ ಚಷ್ಮಾ ಅವತ್ತೇ ಕಳೆದಿದ್ದವೋ ಏನೋ, ನಲವತ್ತು ಮನೆಯಲ್ಲೂ ನಾನೇ ಮೇಲಿನಿಂದ ಓದಿದೆ. ದಣಿವಾಗಲಿಲ್ಲ.